ಅಜ್ಜಿಗೆ ಹಾಕಿದ ಟಿಕ್

ಎಲ್ಲರಿಗೂ ಶರಣು.

ಎಂ.ಎ. ಓದುವಾಗ ಜನರ ಧಾರ್ಮಿಕತೆಯನ್ನು ಅಳೆಯುವ ಒಂದು ಪ್ರಶ್ನಾವಳಿ ಹಿಡಿದುಕೊಂಡು ಹುಬ್ಬಳ್ಳಿಯ ಸಿದ್ಧಾರೂಢ ಮಠದ ಆವರಣದಲ್ಲಿ ಕೂತಿದ್ದೆ. ‘ವಾರಕ್ಕೆ ಎಷ್ಟು ಸಲ ಪ್ರಾರ್ಥನೆ ಮಾಡುತ್ತೀರಿ?’ ಎಂದು ಒಬ್ಬ ಅಜ್ಜಿಯನ್ನು ಕೇಳಿದೆ. ‘ಪ್ರಾರ್ಥನಾ ಅಂದ್ರ ಸಾಲ್ಯಾಗ ಹುಡುಗೂರು ಮಾಡ್ತಾವಲ್ಲೋ ತಮ್ಮಾ, ಅದೇನು? ನಾ ಎಲ್ಲೀದು ಮಾಡ್ಲೆಪಾ! ಮುಂಜಾನೆ ಲಿಂಗಪೂಜಿ ಮಾಡಲಾರದ ಚಾ ಸುದ್ದಾ ಕುಡಿಯಂಗಿಲ್ಲ, ಅಷ್ಟ.’

ನಾನು ‘ಎಂದೂ ಇಲ್ಲ’ ಎಂಬ ಚೌಕಕ್ಕೆ ಟಿಕ್ ಹಾಕಿದೆ. ನನ್ನ ಲೆಕ್ಕದಲ್ಲಿ ಅಜ್ಜಿ ನಾಸ್ತಿಕಳಾದಳು.

ಆಲ್‌ಪೋರ್ಟ್ ಮತ್ತು ರಾಸ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ಧರ್ಮವನ್ನೇ ಬಾಳುವವರನ್ನೂ ಧರ್ಮವನ್ನು ಬಳಸಿಕೊಳ್ಳುವವರನ್ನೂ ಬೇರೆ ಮಾಡಿ ಅಳೆದರು. ದೊಡ್ಡ ಕೆಲಸವೇ. ಆದರೆ ಆ ಪ್ರಶ್ನೆಗಳನ್ನು ಕಟ್ಟಿದ್ದು ಅಮೆರಿಕದ ಚರ್ಚಿಗೆ ಹೋಗುವವರಿಗಾಗಿ. ಹಾಗೇ ಕನ್ನಡಕ್ಕೆ ಇಳಿಸಿದರೆ ಇಂಥ ಟಿಕ್‌ಗಳೇ ಬೀಳುತ್ತವೆ.

ಇನ್ನೊಂದು ತೊಡಕು ಇದಕ್ಕಿಂತ ಹಠಮಾರಿ. ಗುಡಿಗೆ ಹೋಗುವವರ ಮನಸ್ಸು ಹಗುರ ಅಂತ ಕಂಡಿತು ಅನ್ನಿ. ಹೋದದ್ದಕ್ಕೆ ಹಗುರವಾಯಿತೋ, ಹಗುರ ಇದ್ದವರೇ ಹೋದರೋ? ಮೊಣಕಾಲು ಹಿಡಿದವರು, ಮನಸ್ಸು ಕುಗ್ಗಿ ಕೋಣೆ ಬಿಟ್ಟು ಹೊರಬಾರದವರು ಗುಡಿಯ ಬಾಗಿಲಲ್ಲಿ ಕೂತ ಸಂಶೋಧಕನ ಕಣ್ಣಿಗೇ ಬೀಳುವುದಿಲ್ಲ. ಪ್ರಯಾಗದ ಮಾಘ ಮೇಳದ ಅಧ್ಯಯನ ನನಗೆ ಹಿಡಿಸುವುದು ಇದಕ್ಕೇ. 2012ರಲ್ಲಿ ಪ್ರಕಟವಾದದ್ದು. ಮೇಳಕ್ಕೆ ಹೋದ 416 ಮಂದಿಯನ್ನೂ ಊರಲ್ಲೇ ಉಳಿದ 127 ಮಂದಿಯನ್ನೂ ಮೇಳಕ್ಕೆ ಒಂದು ತಿಂಗಳು ಮೊದಲು ಕೇಳಿ, ಮುಗಿದು ಒಂದು ತಿಂಗಳಿಗೆ ಮತ್ತೆ ಕೇಳಿದರು. ಚಳಿ, ಗದ್ದಲ, ನೂಕುನುಗ್ಗಲು ಉಂಡು ಬಂದವರೇ ಮೊದಲಿಗಿಂತ ಚೆನ್ನಾಗಿದ್ದರು. ಹೋಗುವ ಮನಸ್ಸು ಮಾಡಿದವರೇ ಬೇರೆ ಥರದವರು ಎಂಬ ತಕರಾರು ಮಾತ್ರ ಇನ್ನೂ ಉಳಿದಿದೆ.

ಏನನ್ನೂ ಕೇಳದೆಯೂ ಅಳೆಯಬಹುದು. ಸ್ಪೇನಿನ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲಿ ವರ್ಷಕ್ಕೊಮ್ಮೆ ಬೆನ್ನ ಮೇಲೆ ಒಬ್ಬರನ್ನು ಹೊತ್ತು ಕೆಂಡ ಹಾಯುತ್ತಾರೆ. ಸಂಶೋಧಕರು ಹಾಯುವವರಿಗೂ ನೋಡುವವರಿಗೂ ಎದೆಬಡಿತ ಅಳೆಯುವ ಪಟ್ಟಿ ಕಟ್ಟಿದರು. ನಂಟರ, ಗೆಳೆಯರ ಎದೆಬಡಿತ ಹಾಯುವವರ ಜೊತೆಗೇ ಏರಿ ಇಳಿಯಿತು, ಪರಊರಿನವರದು ಹಾಗಾಗಲಿಲ್ಲ. ಫಲಿತಾಂಶ ಬಂದದ್ದು 2011ರಲ್ಲಿ. ನಮ್ಮ ಕಡೆ ಮೊಹರಂನ ಅಲಾಯಿ ಹಬ್ಬದಲ್ಲಿ, ವೀರಭದ್ರನ ಜಾತ್ರೆಯಲ್ಲಿ ಮಗ ಅಗ್ಗಿ ಹಾಯುವಾಗ ದಂಡೆಯಲ್ಲಿ ನಿಂತ ತಾಯಿಯನ್ನು ನೀವು ನೋಡಿರುತ್ತೀರಿ. ಸೆರಗು ಬಾಯಿಗೆ ಒತ್ತಿಕೊಂಡು, ಕಾಲ್ಬೆರಳು ಮಡಚಿಕೊಂಡು ನಿಂತಿರುತ್ತಾಳೆ.

ಎಲ್ಲವೂ ಸಿಹಿಯಲ್ಲ. ಪಾರ್ಗಮೆಂಟ್ ಎಂಬ ಮನೋವಿಜ್ಞಾನಿ ಕಷ್ಟಕಾಲದಲ್ಲಿ ‘ದೇವರು ಜೊತೆಗಿದ್ದಾನೆ’ ಎನ್ನುವುದನ್ನೂ ‘ದೇವರು ಶಿಕ್ಷಿಸುತ್ತಿದ್ದಾನೆ’ ಎನ್ನುವುದನ್ನೂ ಬೇರೆಬೇರೆಯಾಗಿ ಅಳೆದರು. ಎರಡನೆಯದು ಖಿನ್ನತೆ, ಆತಂಕಗಳ ಜೊತೆ ಕಾಣಿಸಿಕೊಳ್ಳುತ್ತದೆ. ನಾವು ‘ದೇವರ ಕಾಡಾಟ’ ಅನ್ನುತ್ತೇವಲ್ಲ, ಅದೇ. ಕಾಡಾಟ ಅಂತ ವರ್ಷಗಟ್ಟಲೆ ಹರಕೆ ಹೊತ್ತು, ಆಮೇಲೆ ಧಾರವಾಡದ ಡಿಮ್ಹಾನ್ಸ್ ಎಂಬ ಮಾನಸಿಕ ಆಸ್ಪತ್ರೆಯ ದಾರಿ ಹಿಡಿದ ಮನೆಗಳು ನನಗೆ ಗೊತ್ತು.

ಈಗ ನನ್ನ ವಿದ್ಯಾರ್ಥಿಗಳ ಪ್ರಶ್ನಾವಳಿಯಲ್ಲಿ ಪ್ರಾರ್ಥನೆ ಎಂಬ ಶಬ್ದವೇ ಇಲ್ಲ. ಮೊದಲ ಪ್ರಶ್ನೆ: ‘ಮುಂಜಾನೆ ಎದ್ದ ಮೇಲೆ ಚಹಾ ಕುಡಿಯುವುದರೊಳಗೆ ಏನೇನು ಮಾಡುತ್ತೀರಿ?’ ಉತ್ತರಕ್ಕೆ ಅರ್ಧ ಪುಟ ಬಿಟ್ಟಿದ್ದೇವೆ. ಸಾಲುತ್ತಿಲ್ಲ.