ಹಾರುವ ಮೊದಲಿನ ಮೂರು ಹೆಜ್ಜೆ ನೋಡಿ

ಬೆಂಗಳೂರಲ್ಲಿ ಕುದುರೆ ಅಂದ ಕೂಡಲೇ ನೆನಪಾಗೋದು ರೇಸ್‌ಕೋರ್ಸ್ ರೋಡು. ಇವತ್ತು ಹೇಳ್ತಿರೋದು ಅದಲ್ಲ, ಶೋ ಜಂಪಿಂಗ್, ಅಂದ್ರೆ ಅರೀನಾದಲ್ಲಿ ಇಟ್ಟ ತಡೆಗಳನ್ನ ಕುದುರೆ ಹಾರಿ ದಾಟೋ ಆಟ. ಇಲ್ಲಿ ವೇಗಕ್ಕಿಂತ ಅಳತೆ ದೊಡ್ಡದು. ಕುದುರೆ ಮೇಲೆ ಹಾರಿದಾಗ ಎಲ್ಲರೂ ನೋಡ್ತಾರೆ, ಆದ್ರೆ ಅದರ ಹಣೆಬರಹ ಅದಕ್ಕೂ ಮುಂಚಿನ ಮೂರು ಹೆಜ್ಜೆಯಲ್ಲೇ ತೀರ್ಮಾನ ಆಗಿರುತ್ತೆ.

ಪಂದ್ಯ ನೋಡೋಕೆ ಹೋದ್ರೆ ಸ್ವಲ್ಪ ಬೇಗ ಹೋಗಿ. ಶುರುವಾಗೋ ಮುಂಚೆ ರೈಡರ್‌ಗಳು ಕುದುರೆ ಬಿಟ್ಟು ನಡ್ಕೊಂಡೇ ಅರೀನಾ ಸುತ್ತುತ್ತಾರೆ. ಒಂದು ತಡೆಯಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸ್ತಾರೆ. ಒಂದು ಹೆಜ್ಜೆ ಸುಮಾರು 90 ಸೆಂಟಿಮೀಟರ್. ಅಂಥ ನಾಲ್ಕು ಸೇರಿದ್ರೆ ಕುದುರೆಯ ಒಂದು ಕ್ಯಾಂಟರ್ ಸ್ಟ್ರೈಡ್, ಅಂದ್ರೆ ಮಧ್ಯಮ ವೇಗದ ಓಟದ ಒಂದು ದಾಪು, ಸುಮಾರು 3.6 ಮೀಟರ್. ಮೊದಲ ತಡೆ ದಾಟಿ ಇಳಿಯೋಕೆ ಎರಡು ಹೆಜ್ಜೆ, ಮುಂದಿನದಕ್ಕೆ ಮೇಲೇಳೋಕೆ ಎರಡು. ಒಟ್ಟು 24 ಹೆಜ್ಜೆ ಬಂತು ಅಂದ್ಕೊಳ್ಳಿ, ನಾಲ್ಕು ಕಳೀರಿ, 20 ಉಳಿತು, ಅಂದ್ರೆ ಐದು ಸ್ಟ್ರೈಡ್.

ಲೆಕ್ಕ ತಪ್ಪೋದು ಕುದುರೆ ತಿರುವಲ್ಲಿ ನಿಧಾನವಾದಾಗ. ಸ್ಟ್ರೈಡ್ ಚಿಕ್ಕದಾಗುತ್ತೆ, ಐದನೇದು ಮುಗಿದ್ರೂ ತಡೆ ಇನ್ನೂ ದೂರ. ಅಲ್ಲಿಂದಲೇ ಹಾರಿದ್ರೆ ಚಪ್ಪಟೆಯಾಗಿ ಹೋಗಿ ಹಿಂಗಾಲು ತಾಗುತ್ತೆ. ಆರನೇದನ್ನ ತುರುಕಿದ್ರೆ ತೀರಾ ಹತ್ತಿರ ಬಂದು ಮುಂಗಾಲು ತಾಗುತ್ತೆ. ತಡೆಯ ಅಡ್ಡ ಕೋಲು, ಅಂದ್ರೆ ಪೋಲ್, ಕೂತಿರೋದು ಎರಡು ಸೆಂಟಿಮೀಟರೂ ಮೀರದ ಆಳದ ಕಪ್‌ನಲ್ಲಿ. ಒಂದು ಪೋಲ್ ಬಿದ್ರೆ 4 ಪೆನಾಲ್ಟಿ. ಮೊದಲ ಸಲ ಕುದುರೆ ನಿಂತ್ಬಿಟ್ರೂ 4, ಎರಡನೇ ಸಲ ನಿಂತ್ರೆ ಆಟದಿಂದ ಹೊರಗೆ.

ರೈಡರ್ ಕೈಯನ್ನೂ ಗಮನಿಸಿ. ಕುದುರೆ ಕಣ್ಣು ತಲೆಯ ಎರಡೂ ಪಕ್ಕದಲ್ಲಿದೆ, ಹಣೆಯ ನೇರ ಎದುರಿಗೆ ಹತ್ತಿರ ಇರೋದು ಅದಕ್ಕೆ ಕಾಣಲ್ಲ. ಹಾಗಾಗಿ ದೂರದಿಂದಲೇ ತಲೆ ಎತ್ತಿ ತಡೆಯನ್ನ ಅಳೀಬೇಕು. ಹಾರುವಾಗ ರೈಡರ್ ಕೈ ಮುಂದೆ ಬಿಟ್ರೆ ಕತ್ತು ಚಾಚಿ, ಬೆನ್ನು ಬಿಲ್ಲಿನ ಹಾಗೆ ಬಾಗುತ್ತೆ. ಲಗಾಮು ಬಿಗಿ ಹಿಡಿದ್ರೆ ಬೆನ್ನು ಕುಸಿದು ಹಿಂಗಾಲು ಜೋತುಬೀಳುತ್ತೆ. ಎಷ್ಟು ಸಲ ನೋಡಿದ್ರೂ ಸಾಲದಷ್ಟು ಚಂದ, ಆ ಕತ್ತು ಚಾಚೋದು!

ನಮ್ಮೂರಿನ ಫವಾದ್ ಮಿರ್ಜಾ ಆಡೋದು ಇವೆಂಟಿಂಗ್: ಡ್ರೆಸ್ಸಾಜ್ (ಕುದುರೆಯ ನಡೆಯ ಶಿಸ್ತು ತೋರಿಸೋದು), ಕ್ರಾಸ್ ಕಂಟ್ರಿ (ಬಯಲಲ್ಲಿ ತಡೆ ಹಾರ್ತಾ ಓಡೋದು), ಜಂಪಿಂಗ್ ಮೂರೂ ಒಂದೇ ಕುದುರೆ ಮೇಲೆ. 2018ರ ಏಷ್ಯನ್ ಗೇಮ್ಸ್‌ನಲ್ಲಿ ಸೀನ್ಯೋರ್ ಮೆಡಿಕಾಟ್ ಅನ್ನೋ ಕುದುರೆ ಮೇಲೆ ಎರಡು ಬೆಳ್ಳಿ ಗೆದ್ರು, ಒಂದು ವೈಯಕ್ತಿಕ, ಒಂದು ತಂಡದ್ದು. ಟೋಕಿಯೋ ಒಲಿಂಪಿಕ್ಸ್ ಕ್ರಾಸ್ ಕಂಟ್ರಿಯಲ್ಲಿ ಅದೇ ಕುದುರೆ ನಿಗದಿತ ಸಮಯಕ್ಕಿಂತ 28 ಸೆಕೆಂಡು ತಡ, ಸೆಕೆಂಡಿಗೆ 0.4ರಂತೆ 11.20 ಪೆನಾಲ್ಟಿ. ಕೊನೆಗೆ 23ನೇ ಸ್ಥಾನ.

ಪಂದ್ಯ ನೋಡೋಕೆ ಕೂರೋಕೆ ಒಳ್ಳೆ ಜಾಗ, ಡಬಲ್‌ನ, ಅಂದ್ರೆ ಜೋಡಿ ತಡೆಯ, ಪಕ್ಕ. ಎರಡು ತಡೆಗಳ ನಡುವೆ ಒಂದೋ ಎರಡೋ ಸ್ಟ್ರೈಡ್ ಅಷ್ಟೇ, ಸರಿಮಾಡ್ಕೊಳ್ಳೋಕೆ ಟೈಮೇ ಇಲ್ಲ. ಮೊದಲನೇದರ ತಪ್ಪು ಎರಡನೇದರಲ್ಲಿ ಬಯಲಾಗುತ್ತೆ. ಮಳೆ ಹನಿ ಬಿದ್ರೆ ಅಲ್ಲಿ ಕೊಡೆ ಮಾತ್ರ ಬಿಚ್ಬೇಡಿ, ಪಕ್ಕದಲ್ಲಿ ಪಟ್ ಅಂತ ಏನಾದ್ರೂ ಅರಳಿದ್ರೆ ಕುದುರೆ ಬೆದರುತ್ತೆ. ರೈನ್‌ಕೋಟ್ ತಗೊಂಡು ಹೋಗಿ.