ತುಪ್ಪಳದ ನಾಯಿಯ ಮೈ ಬೋಳಿಸಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಚೂಪು ಮೂತಿ, ನಿಮಿರಿದ ಕಿವಿ, ಬೆನ್ನ ಮೇಲೆ ಮಡಿಚಿದ ಬಾಲ, ಮೈತುಂಬ ತುಪ್ಪಳ. ಪೊಮೆರೇನಿಯನ್, ಜಪಾನೀಸ್ ಸ್ಪಿಟ್ಜ್, ಸಮೊಯೆಡ್, ಎಲ್ಲವೂ ಈ ಸ್ಪಿಟ್ಜ್ ಕುಲದವೇ. ಇಂಥ ನಾಯಿ ಸಾಕಿದವರಿಗೆ ಇವತ್ತು ನಾನು ಹೇಳಬೇಕಾದದ್ದು ಒಂದೇ ಮಾತು: ಬೇಸಿಗೆ ಬಂತೆಂದು ಅದರ ಮೈ ಬೋಳಿಸಬೇಡಿ.

ಬೋಳಿಸುವವರು ಪ್ರೀತಿಯಿಂದಲೇ ಬೋಳಿಸುತ್ತಾರೆ. ಪಾಪ, ಇಷ್ಟೊಂದು ಕೂದಲು, ಎಷ್ಟು ಸೆಕೆಯೋ ಅಂತ. ಆದರೆ ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ತುಸು ಬೆವರುತ್ತದೆ, ಅಷ್ಟೇ. ಅದರ ಮೈಕಾವು ಇಳಿಯುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ. ಬೆವರೇ ಬಾರದ ಚರ್ಮವನ್ನು ಬಯಲು ಮಾಡಿದರೆ ಬಿಸಿಲು ನೇರವಾಗಿ ಸುಡುತ್ತದೆ, ಅಷ್ಟೇ ಲಾಭ.

ಆ ತುಪ್ಪಳದಲ್ಲಿ ಎರಡು ಪದರಗಳಿವೆ. ಚರ್ಮದ ಪಕ್ಕದಲ್ಲಿ ಗಿಡ್ಡ, ಮೆತ್ತನೆಯ, ಒತ್ತಾದ ಒಳಗೂದಲು. ಅದರ ನಡುವಿನಿಂದ ಮೇಲೆದ್ದ ಉದ್ದನೆಯ, ಒರಟು ಹೊರಗೂದಲು. ಹೊರಗಿನದು ಬಿಸಿಲು, ನೀರು, ಕೊಳೆಯನ್ನು ತಡೆಯುತ್ತದೆ. ಒಳಗಿನದು ಗಾಳಿಯನ್ನು ಹಿಡಿದಿಟ್ಟುಕೊಂಡು, ಚಳಿಯಾಗಲಿ ಕಾವಾಗಲಿ ಚರ್ಮಕ್ಕೆ ಥಟ್ಟನೆ ತಾಗದಂತೆ ನೋಡಿಕೊಳ್ಳುತ್ತದೆ. ಮಿಷನ್ ಹಾಕಿ ಎರಡನ್ನೂ ಒಟ್ಟಿಗೆ ತೆಗೆದಿರೋ, ಒಳಗೂದಲು ಬೇಗ ಬೆಳೆಯುತ್ತದೆ, ಹೊರಗೂದಲು ತಿಂಗಳುಗಟ್ಟಲೆ ಹಿಂದೆ ಬೀಳುತ್ತದೆ. ಪೊಮೆರೇನಿಯನ್‌ನಂಥ ತಳಿಗಳಲ್ಲಿ ಬೋಳಿಸಿದ ಜಾಗ ವರ್ಷ ಕಳೆದರೂ ಬರಿದಾಗಿಯೇ ಉಳಿಯುವುದುಂಟು.

ಅಂಗೈಯಗಲದ ನಾಯಿಗೆ ಇಷ್ಟು ದಟ್ಟ ಕೂದಲು ಎಲ್ಲಿಂದ ಬಂತು? ಇದರ ಹಿಂದಿನ ಕತೆ ನನಗೆ ಬಹಳ ಇಷ್ಟ. ಪೊಮೆರೇನಿಯಾ ಎಂಬುದು ಬಾಲ್ಟಿಕ್ ಸಮುದ್ರದ ದಕ್ಷಿಣ ದಡದ ಚಳಿ ಸೀಮೆ. ಇಂದು ಪೋಲೆಂಡ್ ಮತ್ತು ಜರ್ಮನಿಯಲ್ಲಿ ಹಂಚಿಹೋಗಿದೆ. ಈ ನಾಯಿಗಳ ಒಂದು ಜೋಡಿಯನ್ನು 1767ರಲ್ಲಿ ರಾಣಿ ಶಾರ್ಲೆಟ್ ಇಂಗ್ಲೆಂಡಿಗೆ ತರಿಸಿಕೊಂಡಳು. ಆ ಕಾಲದ ಚಿತ್ರಕಾರ ಥಾಮಸ್ ಗೇನ್ಸ್‌ಬರೋ ಬರೆದ ಪೊಮೆರೇನಿಯನ್‌ಗಳನ್ನು ನೋಡಿ. ಮಡಿಲಲ್ಲಿ ಹಿಡಿಸುವಂಥವಲ್ಲ, ದೊಡ್ಡ ನಾಯಿಗಳು! ಶಾರ್ಲೆಟ್‌ಳ ಮೊಮ್ಮಗಳೇ ರಾಣಿ ವಿಕ್ಟೋರಿಯಾ. ಆಕೆ 1888ರಲ್ಲಿ ಇಟಲಿಯ ಫ್ಲಾರೆನ್ಸ್‌ಗೆ ಹೋದಾಗ ಮಾರ್ಕೊ ಎಂಬ ಸಣ್ಣ ಪೊಮೆರೇನಿಯನ್‌ಗೆ ಮನಸೋತಳು. ಅದರ ತೂಕ ಸುಮಾರು 5.5 ಕಿಲೋ. 1891ರಲ್ಲಿ ರಾಣಿಯ ಪೊಮೆರೇನಿಯನ್‌ಗಳು ಕ್ರಫ್ಟ್ಸ್ ಎಂಬ ನಾಯಿಗಳ ಪ್ರದರ್ಶನಕ್ಕೂ ಬಂದವು. ರಾಣಿಯ ಬಳಿ ಇರುವಂಥದ್ದೇ ಎಲ್ಲರಿಗೂ ಬೇಕಾಯಿತು. ಸಣ್ಣದಕ್ಕೆ ಸಣ್ಣದನ್ನು ಕೂಡಿಸುತ್ತ ಹೋದರು. 1901ರ ಜನವರಿಯಲ್ಲಿ ಆಕೆ ಕೊನೆಯುಸಿರೆಳೆಯುವಾಗ ಹಾಸಿಗೆಯ ಮೇಲೆ ಇದ್ದದ್ದು ಟೂರಿ ಎಂಬ ಪೊಮೆರೇನಿಯನ್. ಇಂದಿನದು ಒಂದೂವರೆಯಿಂದ ಮೂರು ಕಿಲೋ ತೂಗುತ್ತದೆ. ಮೈ ಕುಗ್ಗಿತು, ಚಳಿ ಸೀಮೆಯ ಆ ಎರಡು ಪದರಗಳು ಹಾಗೇ ಉಳಿದವು. ಅವನ್ನು ಬೋಳಿಸಬೇಡಿ, ಬಾಚಿ.

ಬಾಚುವುದನ್ನು ಮಾತ್ರ ಗಮನವಿಟ್ಟು ಕೇಳಿ. ಮೇಲುಮೇಲೆ ಬ್ರಷ್ ಆಡಿಸಿದರೆ ಹೊರಗೂದಲು ಹೊಳೆಯುತ್ತದೆ, ಬುಡದಲ್ಲಿ ಗಂಟು ಬೆಳೆಯುತ್ತದೆ. ನಾಯಿಯನ್ನು ಮಗ್ಗುಲಾಗಿ ಮಲಗಿಸಿ. ಒಣಗೂದಲು ತುಂಡಾಗುತ್ತದೆ, ಆದ್ದರಿಂದ ನೀರನ್ನು ತುಸು ಚಿಮುಕಿಸಿ. ಒಂದು ಕೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಚರ್ಮ ಕಾಣುವಂತೆ ಬೈತಲೆ ತೆಗೆಯಿರಿ. ಬೈತಲೆಯ ಕೆಳಗಿನ ಬೆರಳಗಲದ ಕೂದಲನ್ನು ಬುಡದಿಂದ ತುದಿಯವರೆಗೆ ಬ್ರಷ್‌ನಿಂದ ಬಾಚಿ. ಮತ್ತೆ ಬೆರಳಗಲ ಮೇಲೆ ಇನ್ನೊಂದು ಬೈತಲೆ. ಹೀಗೇ ಮೈಯೆಲ್ಲ. ಕೊನೆಗೆ ಲೋಹದ ಬಾಚಣಿಗೆ ಬುಡದಿಂದ ಎಲ್ಲೂ ಸಿಕ್ಕಿಕೊಳ್ಳದೆ ಹೊರಬಂದರೆ ಕೆಲಸ ಮುಗಿಯಿತು. ಕಿವಿಯ ಹಿಂದೆ, ಕಂಕುಳಲ್ಲಿ, ತೊಡೆಯ ಹಿಂಭಾಗದಲ್ಲಿ, ಕೊರಳಪಟ್ಟಿಯ ಅಡಿಯಲ್ಲಿ ತಪ್ಪದೆ ನೋಡಿ. ವಾರಕ್ಕೆ 2–3 ಸಲ ಸಾಕು. ಕೂದಲು ಉದುರುವ ಕಾಲದಲ್ಲಿ ದಿನವೂ. ಗಂಟು ಸಿಕ್ಕರೆ ಬೆರಳಿನಿಂದ ಎಳೆ ಎಳೆಯಾಗಿ ಬಿಡಿಸಿ. ಕತ್ತರಿ ಬೇಡ, ಗಂಟಿನೊಳಕ್ಕೆ ಚರ್ಮವೂ ಎಳೆದುಕೊಂಡಿರುತ್ತದೆ.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ಬಾಚದೆ ಸ್ನಾನ ಮಾಡಿಸಬೇಡಿ, ನೆನೆದ ಗಂಟು ಇನ್ನಷ್ಟು ಬಿಗಿಯುತ್ತದೆ. ಸ್ನಾನದ ನಂತರ ಬುಡದವರೆಗೂ ಒಣಗಿಸಿ. ತೇವ ಉಳಿದರೆ ತುರಿಕೆ, ಹುಣ್ಣು. ಪೊಮೆರೇನಿಯನ್ ಮರಿಯ ಕೂದಲು 4ನೇ ತಿಂಗಳಿನಿಂದ ಉದುರಿ ಮೈ ಬೋಳುಬೋಳಾಗಿ ಕಾಣಬಹುದು. ಅದು ಮರಿಗೂದಲು ಹೋಗಿ ದೊಡ್ಡಗೂದಲು ಬರುವ ಹೊತ್ತು. ಆಗಲೂ ಬೋಳಿಸಬೇಡಿ. ಪೊಮೆರೇನಿಯನ್‌ನ ಗಂಟಲ ನಾಳ ಮೃದು, ಕೊರಳಿಗೆ ಹಗ್ಗ ಕಟ್ಟಿ ಎಳೆದರೆ ಕೆಮ್ಮು ಹತ್ತುತ್ತದೆ. ಎದೆಗೆ ಹಾಕುವ ಹಾರ್ನೆಸ್ ಬಳಸಿ. ಹಲ್ಲು ದಿನವೂ ಉಜ್ಜಿ. ತುಪ್ಪಳದಡಿಯ ಬೊಜ್ಜು ಕಣ್ಣಿಗೆ ಕಾಣದು, ಪಕ್ಕೆಲುಬು ಕೈಗೆ ಸಿಗುತ್ತದೆಯೇ ಎಂದು ಮುಟ್ಟಿ ನೋಡಿ.

ಹಾಗಾದರೆ ಸೆಕೆಗೆ ಏನು ಮಾಡುವುದು? ಉದುರಿದ ಒಳಗೂದಲನ್ನು ಬಾಚಿ ತೆಗೆಯಿರಿ, ಗಾಳಿಯಾಡುತ್ತದೆ. ನೆರಳು, ಫ್ಯಾನು, ಯಾವಾಗಲೂ ಕುಡಿಯುವ ನೀರು ಇರಲಿ. ನಡಿಗೆ ನಸುಕಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ. ಹೊರಡುವ ಮುನ್ನ ಅಂಗೈಯ ಹಿಂಬದಿಯನ್ನು 7 ಸೆಕೆಂಡ್ ನೆಲಕ್ಕೆ ಒತ್ತಿ ಹಿಡಿಯಿರಿ. ನಿಮಗೆ ತಡೆಯದಿದ್ದರೆ ಅದರ ಅಂಗಾಲಿಗೂ ತಡೆಯದು. ನಿಲ್ಲಿಸಿದ ಕಾರಿನೊಳಗೆ ಅರೆಗಳಿಗೆಯೂ ಬಿಡಬೇಡಿ. ತೇಕುವುದು ನಿಲ್ಲದೆ, ಜೊಲ್ಲು ಅಂಟಂಟಾಗಿ, ನಾಯಿ ತೂರಾಡಿದರೆ ಕೂಡಲೇ ನೆರಳಿಗೆ ತಂದು, ನೀರು ಬುಡಕ್ಕೆ ಇಳಿಯುವಂತೆ ಮೈಯೆಲ್ಲ ತೋಯಿಸಿ, ಗಾಳಿ ಬೀಸುತ್ತಲೇ ಪಶುವೈದ್ಯರ ಬಳಿ ಕರೆದೊಯ್ಯಿರಿ. ನಮಸ್ಕಾರ.