ಅತ್ತೆಗೆ ಬಂದ ಕಾಗದ

ನಮಸ್ಕಾರ. ಇವತ್ತಿನ ಮಾತು ಒಂದೇ ಒಂದು ಪದದ ಸುತ್ತ: ಅವಕಾಶ.

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅತ್ತೆಯ ಮನೆ. ಮಾವ ತೀರಿಕೊಂಡ ಮೇಲೆ ಜಾಗದ ವಿಷಯವಾಗಿ ಒಂದು ಕಚೇರಿಯಿಂದ ಅವರಿಗೆ ಕಾಗದ ಬಂತು. ಒಂದೂವರೆ ಪುಟ, ಪೂರ್ತಿ ಮಲಯಾಳ. ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು ಮಲಯಾಳ ಅತ್ತೆಗೆ ಬರುತ್ತದೆ, ಓದಲು ಬರುವುದಿಲ್ಲ. ಏಳನೆಯ ತರಗತಿಯ ಮೊಮ್ಮಗ ಸಾಲಿನ ಕೆಳಗೆ ಬೆರಳಿಟ್ಟು ಅಕ್ಷರ ಬಿಡದೆ ಓದಿದ. ನಡುವೆ ‘ಅವಕಾಶಂ’ ಎಂದಿತ್ತು. “ಅಜ್ಜಿ, ನಿಮಗೆ ಅವಕಾಶ ಇದೆಯಂತೆ, ಹೋಗಿ ಹೇಳಬಹುದಂತೆ” ಎಂದ. ಹೇಳಬಹುದು ತಾನೇ, ಅಡಿಕೆ ಕೊಯ್ಲು ಮುಗಿಯಲಿ ಎಂದು ಅತ್ತೆ ಕಾಗದವನ್ನು ಪಂಚಾಂಗದ ಎಡೆಗೆ ಸೇರಿಸಿದರು.

ಮಲಯಾಳದಲ್ಲಿ ಅವಕಾಶಂ ಎಂದರೆ ಹಕ್ಕು. ಅವಕಾಶಿ ಎಂದರೆ ವಾರಸುದಾರ. ಈ ಜಾಗದಲ್ಲಿ ನಿಮಗೆ ಹಕ್ಕಿದ್ದರೆ 15 ದಿನದೊಳಗೆ ದಾಖಲೆ ತೋರಿಸಿ ಎಂದು ಆ ಕಾಗದ ಹೇಳುತ್ತಿತ್ತು. ಅದು ನನ್ನ ಕೈಗೆ ಬರುವಾಗ ತಿಂಗಳು ದಾಟಿತ್ತು.

ಹುಡುಗನದು ತಪ್ಪೆಂದು ನಾನು ಒಪ್ಪುವುದಿಲ್ಲ. ಅವನು ಒಂದು ಅಕ್ಷರವನ್ನೂ ತಪ್ಪಾಗಿ ಓದಿಲ್ಲ. ನಮ್ಮೆರಡು ಭಾಷೆಗಳ ನಡುವೆ ಇಂಥ ಹೊಂಡಗಳು ಹೆಜ್ಜೆಗೊಂದಿವೆ. ನಮ್ಮ ಅವಕಾಶಕ್ಕೆ ಅವರು ಅವಸರಂ ಎನ್ನುತ್ತಾರೆ. ನಮಗೆ ಅವಸರವೆಂದರೆ ಗಡಿಬಿಡಿ. ಮಂತ್ರಿ ‘ರಾಜಿ’ ಎಂದು ಮಲಯಾಳ ಪತ್ರಿಕೆ ಬರೆದರೆ ಆತ ರಾಜೀನಾಮೆ ಕೊಟ್ಟ ಎಂದರ್ಥ, ನಾವು ಸಂಧಾನವಾಯಿತು ಎಂದುಕೊಳ್ಳುತ್ತೇವೆ. ಅವರ ಆಧಾರಂ ಜಾಗದ ದಸ್ತಾವೇಜು. ಪೂರ್ತಿ ಅಪರಿಚಿತವಾದ ಪದ ಎದುರಾದರೆ ಮನುಷ್ಯ ನಿಂತು ಕೇಳುತ್ತಾನೆ. ಪರಿಚಿತ ಮುಖದ ಪದ ಎದುರಾದರೆ ಕೇಳುವುದೇ ಇಲ್ಲ, ಮುಂದೆ ನಡೆದುಬಿಡುತ್ತಾನೆ.

ಕಾಸರಗೋಡು ಸಪ್ತಭಾಷೆಗಳ ನಾಡು ಎಂದು ಪ್ರತಿ ವೇದಿಕೆಯಲ್ಲೂ ಹೇಳುತ್ತೇವೆ. ನನಗೂ ಅದರಲ್ಲಿ ಅಭಿಮಾನವಿದೆ. ತೋಟದಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಪೇಟೆಯಲ್ಲಿ ಬ್ಯಾರಿ, ಮಲಯಾಳ ಎಂದು ಒಂದೇ ದಿನದಲ್ಲಿ ನಾಲಿಗೆ ತಿರುಗಿಸುವ ಜನ ನಾವು. ಆದರೆ ಈ ಅಭಿಮಾನವೇ ನಮಗೆ ಮುಳುವಾಗಿದೆ. ಎಲ್ಲರಿಗೂ ಎಲ್ಲ ಭಾಷೆ ಬರುತ್ತದಲ್ಲ, ಅನುವಾದಕನಿಗೆ ದುಡ್ಡು ಯಾಕೆ ಎನ್ನುತ್ತೇವೆ. ಮಾತನಾಡುವುದು ಒಂದು ವಿದ್ಯೆ, ಕಾನೂನಿನ ಕಾಗದವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಿಸುವುದು ಬೇರೆಯೇ ವಿದ್ಯೆ. ಪ್ರತಿದಿನ ಹೊಳೆ ದಾಟುವವನಿಗೆ ಸೇತುವೆ ಕಟ್ಟಲು ಬರಬೇಕೆಂದಿಲ್ಲ.

1980ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ 18 ವರ್ಷದ ಬೇಸ್‌ಬಾಲ್ ಆಟಗಾರನೊಬ್ಬನನ್ನು ಪ್ರಜ್ಞೆಯಿಲ್ಲದ ಸ್ಥಿತಿಯಲ್ಲಿ ಆಸ್ಪತ್ರೆಗೆ ತಂದರು. ಕ್ಯೂಬಾ ಮೂಲದ ಮನೆಯವರು ‘ಇಂತೊಕ್ಸಿಕಾಡೊ’ ಎಂದರು. ತಿಂದದ್ದೋ ಕುಡಿದದ್ದೋ ಮೈಗೆ ಆಗಲಿಲ್ಲ ಎಂದು ಅವರ ಸ್ಪ್ಯಾನಿಷ್‌ನಲ್ಲಿ ಅದರ ಅರ್ಥ. ಆಸ್ಪತ್ರೆಯವರು ಅದನ್ನು ಇಂಗ್ಲಿಷಿನ ‘ಇಂಟಾಕ್ಸಿಕೇಟೆಡ್’ ಎಂದು ತಿಳಿದು, ಮಾದಕವಸ್ತು ಅತಿಯಾಗಿದೆ ಎಂದುಕೊಂಡೇ ಚಿಕಿತ್ಸೆ ಮಾಡಿದರು. ಹುಡುಗನ ಮಿದುಳಿನಲ್ಲಿ ರಕ್ತಸ್ರಾವವಾಗುತ್ತಿತ್ತು. ಅವನ ಎರಡು ಕೈ, ಎರಡು ಕಾಲು ಸ್ವಾಧೀನ ತಪ್ಪಿದವು. ವೃತ್ತಿಪರ ದುಭಾಷಿಯನ್ನು ಯಾರೂ ಕರೆಸಿರಲಿಲ್ಲ. ಅಲ್ಲಿಯೂ ಮೋಸ ಮಾಡಿದ್ದು ಪರಿಚಿತ ಮುಖದ ಪದವೇ.

ಲೋಕದ ಅನುವಾದ ಸಂಸ್ಥೆಗಳಿಗೆ ಐಎಸ್ಒ 17100 ಎಂಬ ಮಾನದಂಡವಿದೆ, 2015ರದು. ಅದರ ಒಂದು ನಿಯಮ ನನಗೆ ಬಹಳ ಹಿಡಿಸಿತು: ಅನುವಾದಕ ಮಾಡಿದ್ದನ್ನು ಇನ್ನೊಬ್ಬರು ಮೂಲದೊಂದಿಗೆ ಹೋಲಿಸಿ ನೋಡಲೇಬೇಕು. ಎಂಥ ನುರಿತವನ ಕೆಲಸವಾದರೂ ಸರಿ, ಎರಡನೆಯ ಕಣ್ಣು ಬೇಕು. ನಾವು ಮೊದಲ ಕಣ್ಣನ್ನೇ ಏಳನೆಯ ತರಗತಿಯ ಹುಡುಗನಿಂದ ಎರವಲು ಪಡೆಯುತ್ತಿದ್ದೇವೆ. ಈಗ ಮೊಬೈಲ್ ಕೂಡ ಅನುವಾದ ಮಾಡುತ್ತದೆ. ಕಾಗದದಲ್ಲಿ ಏನಿದೆ ಎಂದು ಅಂದಾಜು ಮಾಡಲು ಅದು ಸಾಕು. ಆದರೆ ಜಾಗ ಕೈತಪ್ಪಿದರೆ ಜವಾಬು ಹೇಳಲು ಅದರ ಕೆಳಗೆ ಯಾರ ರುಜುವೂ ಇರುವುದಿಲ್ಲ.

ಅತ್ತೆಯ ಟ್ರಂಕಿನಲ್ಲಿ ಮದ್ರಾಸು ಕಾಲದ ಕನ್ನಡ ದಸ್ತಾವೇಜೂ ಇದೆ. ಅದರಲ್ಲಿ ಮೂಲಗೇಣಿ, ಅಂದರೆ ಶಾಶ್ವತ ಗೇಣಿ, ಎಂದಿದೆ, ಕುಮ್ಕಿ ಎಂದಿದೆ. ಕುಮ್ಕಿ ಎಂದರೆ ವರ್ಗ ಜಾಗಕ್ಕೆ (ಪಟ್ಟಾ ಜಾಗಕ್ಕೆ) ತಾಗಿದ 100 ಗಜದೊಳಗಿನ ಸರಕಾರಿ ನೆಲ. ಅಲ್ಲಿಂದ ಸೊಪ್ಪು, ಸೌದೆ ತರುವ ಹಕ್ಕು ವರ್ಗದಾರನಿಗಿತ್ತು. ದಕ್ಷಿಣ ಕನ್ನಡದ ಕಂದಾಯ ಇತಿಹಾಸ ಬಲ್ಲವರಲ್ಲದೆ ಇದನ್ನು ಮಲಯಾಳಕ್ಕೆ ತರುವವರು ಯಾರು? 1956ರ ನವೆಂಬರ್ 1ರಂದು ಗಡಿ ಬದಲಾಗಿ ಕಾಸರಗೋಡು ಕೇರಳಕ್ಕೆ ಸೇರಿತು, ಟ್ರಂಕಿನೊಳಗಿನ ಕಾಗದದ ಭಾಷೆ ಬದಲಾಗಲಿಲ್ಲ.

ಕಾನೂನು ನಮ್ಮ ಕಡೆ ಇದೆ. ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸಬಹುದು ಎಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ: ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆ ಉತ್ತರವನ್ನು ಬರೆಯಲು ತರಬೇತಾದ, ಸಂಬಳದ ಅನುವಾದಕ ಬೇಡವೇ? ಕನ್ನಡ ಬಲ್ಲ ಗುಮಾಸ್ತ ತನ್ನ ಹತ್ತು ಕೆಲಸಗಳ ನಡುವೆ ಬಿಡುವಾದಾಗ ಮಾಡಿ ಮುಗಿಸುವ ಕೆಲಸವೇ ಇದು? ಜಪಾನಿನ ನೋ ನಾಟಕಗಳನ್ನು ಕನ್ನಡಕ್ಕೆ ತಂದ ಗೋವಿಂದ ಪೈಗಳ ಮಂಜೇಶ್ವರ ನಮ್ಮ ಪಕ್ಕದಲ್ಲೇ ಇದೆ. ಅಂಥ ನೆಲದಲ್ಲಿ ಒಂದು ನೋಟೀಸನ್ನು ಕನ್ನಡಕ್ಕೆ ತರಲು ಜನ ಸಿಗುವುದಿಲ್ಲ ಎಂದರೆ ನಾನು ನಂಬುವುದಿಲ್ಲ. ಎರಡೂ ಭಾಷೆ ಓದಿದ ಮಕ್ಕಳು ಕೆಲಸ ಹುಡುಕಿಕೊಂಡು ಮಂಗಳೂರಿನ ಬಸ್ಸು ಹತ್ತುತ್ತಿದ್ದಾರೆ.

ಕಳೆದ ವಾರ ಅತ್ತೆಯ ಪರವಾಗಿ ಉತ್ತರ ಬರೆದೆ. ಕನ್ನಡದಲ್ಲೇ ಬರೆದೆ, 1969ರ ಕಾಯ್ದೆಯನ್ನು ಮೊದಲ ಸಾಲಿನಲ್ಲೇ ಹೆಸರಿಸಿದೆ. ಹಳೆಯ ದಸ್ತಾವೇಜಿನ ಮಲಯಾಳ ಅನುವಾದವನ್ನು ದುಡ್ಡು ಕೊಟ್ಟು, ಬಲ್ಲವರಿಂದ ಮಾಡಿಸಿ ಲಗತ್ತಿಸಿದೆ. ಕುಮ್ಕಿಗೆ ಅವರು ನಾಲ್ಕು ಸಾಲಿನ ಟಿಪ್ಪಣಿ ಬರೆದುಕೊಟ್ಟರು. ರಿಜಿಸ್ಟರ್ಡ್ ಅಂಚೆಯ ರಸೀದಿ ಈಗ ಅದೇ ಪಂಚಾಂಗದ ಎಡೆಯಲ್ಲಿದೆ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಇಲ್ಲಿಯೇ ಓದಿ ಹೇಳುತ್ತೇನೆ.